ಸ್ಪೋರ್ಟ್ಸ್ ಕಾರಿಗೆ ಬೇರೆ ಅಲಾಯ್: ದುಡ್ಡು ಕೊಡುವ ಮೊದಲು ಏನೇನು ಅಳೆಯಬೇಕು

ವೀಲ್‌ನ ನಟ್ಟು ತೂತುಗಳು ಕೂತಿರುವ ವೃತ್ತದ ಎರಡು ಅಳತೆ: 112 ಮತ್ತು 114.3. ನಡುವಿನ ಅಂತರ ಬರೀ 2.3 ಮಿ.ಮೀ. ನಟ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ 112ರ ವೀಲ್ 114.3ರ ಹಬ್ (ಕಾರಿನ ಕಡೆ ವೀಲ್ ಕೂರುವ ಭಾಗ) ಮೇಲೆ ಕೂತೇ ಬಿಡುತ್ತದೆ. ಆದರೆ ಒಳಗೆ ಹಬ್‌ನಿಂದ ಚಾಚಿದ, ನಟ್ಟು ಹಾಕುವ ಸ್ಟಡ್‌ಗಳು ಬಾಗಿರುತ್ತವೆ, ನಟ್ಟು ತಾನು ಒತ್ತಿ ಕೂರುವ ಸೀಟಿನ ಒಂದೇ ಅಂಚನ್ನು ಕಚ್ಚಿಕೊಂಡಿರುತ್ತದೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಒಂದೊಂದು ತಿರುವಿಗೂ ಭಾರ ಆ ಬಾಗಿದ ಸ್ಟಡ್‌ಗಳ ಮೇಲೇ ಬೀಳುತ್ತದೆ. ಸಡಿಲವಾಗುವುದು ಮೊದಲು, ಮುರಿಯುವುದು ಆಮೇಲೆ. ಗೋವಾ, ಹುಬ್ಬಳ್ಳಿ ಕಡೆಯಿಂದ ಸೆಕೆಂಡ್‌ಹ್ಯಾಂಡ್ ಸೆಟ್ ತರುವವರು ಹೆಚ್ಚಾಗಿ ಎಡವುವುದು ಇಲ್ಲೇ: "ಐದು ತೂತು ಉಂಟಲ್ಲ, ಆಗ್ತದೆ."

ತೂತುಗಳು ಕೂತಿರುವ ವೃತ್ತದ ವ್ಯಾಸಕ್ಕೇ ಪಿಸಿಡಿ ಎನ್ನುವುದು. ಐದು ತೂತಿನ ವೀಲ್‌ನಲ್ಲಿ ಅದನ್ನು ನೇರವಾಗಿ ಅಳೆಯಲು ಬರುವುದಿಲ್ಲ, ಎದುರುಬದುರಾಗಿ ತೂತುಗಳಿರುವುದಿಲ್ಲವಲ್ಲ. ವರ್ನಿಯರ್ ಹಿಡಿದು ಒಂದು ತೂತಿನ ಎಡ ಅಂಚಿನಿಂದ ಪಕ್ಕದ ತೂತಿನ ಎಡ ಅಂಚಿನವರೆಗೆ ಅಳೆಯಿರಿ, ಬಂದದ್ದನ್ನು 1.701ರಿಂದ ಗುಣಿಸಿ. 65.8 ಬಂದರೆ 112, 67.2 ಬಂದರೆ 114.3, 70.5 ಬಂದರೆ 120. ಟೇಪ್ ಹಿಡಿದು ಈ ವ್ಯತ್ಯಾಸ ಕಾಣುವುದಿಲ್ಲ. ಫೋರ್ಡ್ ಮಸ್ಟಾಂಗ್‌ಗೆ 5×114.3 (ಐದು ತೂತು, ಪಿಸಿಡಿ 114.3), ಆಕ್ಟೇವಿಯಾ ಆರ್‌ಎಸ್‌ಗೆ 5×112, ಪೋಲೋ ಜಿಟಿಗೆ 5×100, ಪೋರ್ಶೆ 911ಕ್ಕೆ 5×130. ಬಿಎಂಡಬ್ಲ್ಯುನಲ್ಲಿ ಮಾತ್ರ ಎಚ್ಚರ: ಹಳೆಯ 3 ಸೀರೀಸ್‌ಗೆ 5×120, ಈಗಿನ ಜಿ20ಕ್ಕೆ 5×112. ಹೆಸರು ಒಂದೇ, ವೀಲ್ ಬೇರೆ.

ಇನ್ನು ನಡುವಿನ ದೊಡ್ಡ ತೂತು, ಸೆಂಟರ್ ಬೋರ್. ಆಕ್ಟೇವಿಯಾ, ಪೋಲೋ ಹಬ್ 57.1 ಮಿ.ಮೀ., 2015ರ ನಂತರದ ಮಸ್ಟಾಂಗ್‌ನದು 70.5. ಅಂಗಡಿಯ ಅಲಾಯ್‌ಗಳು ಎಲ್ಲ ಕಾರಿಗೂ ಹೊಂದಲೆಂದು ಹೆಚ್ಚಾಗಿ 73.1ರಲ್ಲಿ ಬರುತ್ತವೆ. ಹೊರಗೆ 73.1, ಒಳಗೆ ನಿಮ್ಮ ಹಬ್‌ನ ಅಳತೆ ಇರುವ ಹಬ್ ರಿಂಗ್ ಹಾಕದಿದ್ದರೆ ವೀಲ್ ನಡುವಿಗೆ ಕೂರುವುದಿಲ್ಲ, 80–90 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲುವುದಿಲ್ಲ. ಘಟ್ಟದಲ್ಲಿ ಬ್ರೇಕ್ ಕಾದಾಗ ಅಗ್ಗದ ಪ್ಲಾಸ್ಟಿಕ್ ರಿಂಗ್ ಮೆತ್ತಗಾಗುತ್ತದೆ, ಹಾಗಾಗಿ ಅಲ್ಯೂಮಿನಿಯಂದೇ ತೆಗೆದುಕೊಳ್ಳಿ. ಬೋರ್ ಹಬ್‌ಗಿಂತ ಚಿಕ್ಕದಿದ್ದರೆ ಲೇತ್‌ಗೆ ಕೊಟ್ಟು ಕೊರೆಸುವ ಸಾಹಸ ಬೇಡ, ಆ ವೀಲನ್ನೇ ಬಿಟ್ಟುಬಿಡಿ.

ಬೋಲ್ಟ್ ಸೀಟನ್ನು ನೋಡುವವರು ಕಡಿಮೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ, ಪೋರ್ಶೆಗಳ ಕಂಪನಿ ಬೋಲ್ಟ್‌ಗೆ ಗುಂಡು ಸೀಟು; ಅಂಗಡಿಯ ಅಲಾಯ್‌ಗೆ ಹೆಚ್ಚಾಗಿ 60 ಡಿಗ್ರಿಯ ಕೋನ್ ಸೀಟು. ಒಂದಕ್ಕೊಂದು ಹಾಕಿದರೆ ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಪರೀಕ್ಷೆ ಸುಲಭ. ಬೋಲ್ಟ್‌ನ ಸೀಟಿಗೆ ಕಪ್ಪು ಮಾರ್ಕರ್ ಬಳಿದು, ಕೈಯಲ್ಲೇ ಬಿಗಿದು ಬಿಚ್ಚಿ ನೋಡಿ. ಸುತ್ತಲೂ ಅಗಲವಾದ ಪಟ್ಟಿಯಷ್ಟು ಮಸಿ ಅಳಿಸಿದ್ದರೆ ಸರಿ, ತೆಳು ಗೆರೆ ಮಾತ್ರ ಬಿದ್ದಿದ್ದರೆ ಬೋಲ್ಟ್ ಬದಲಿಸಿ. ಉದ್ದವನ್ನೂ ನೋಡಿ: ಬೋಲ್ಟ್ ತನ್ನ ದಪ್ಪದಷ್ಟಾದರೂ ಒಳಗೆ ಹೋಗಬೇಕು. ಎಂ14×1.5 ಬೋಲ್ಟ್ ಆದರೆ 9 ಸುತ್ತಿಗೂ ಮೇಲೆ, ಎಂ12×1.5 ಆದರೆ 8 ಸುತ್ತು.

ಆಫ್‌ಸೆಟ್‌ನ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಯಾರೂ ದುಡ್ಡು ಕೊಡಬಾರದು. ವೀಲ್‌ನ ಹಿಂದೆ "8ಜೆ ಇಟಿ45" ಎಂಬಂಥ ಅಚ್ಚು ಇರುತ್ತದೆ: ಅಗಲ 8 ಇಂಚು, ಹಬ್‌ಗೆ ತಾಗುವ ಮುಖ ನಡುಗೆರೆಯಿಂದ 45 ಮಿ.ಮೀ. ಹೊರಗಡೆಗೆ; ಈ ಅಂತರವೇ ಆಫ್‌ಸೆಟ್, ಅಚ್ಚಿನಲ್ಲಿ ಇಟಿ. ನಿಮ್ಮ ಕಾರಿನ ಮೂಲ ವೀಲ್ 7.5ಜೆ ಇಟಿ51 ಎಂದಿಟ್ಟುಕೊಳ್ಳಿ. 8ಜೆ ಇಟಿ45 ಹಾಕಿದರೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹೆಚ್ಚಿದ ಅಗಲದಲ್ಲಿ ಎರಡೂ ಕಡೆಗೆ 6.35 ಹಂಚಿಕೆ, ಇಟಿ 6 ಕಡಿಮೆಯಾದ್ದರಿಂದ ಇಡೀ ವೀಲ್ 6 ಹೊರಗೆ ಸರಿಯುತ್ತದೆ. ಹೊರ ಅಂಚು 12.35 ಮಿ.ಮೀ. ಫೆಂಡರ್ ಕಡೆಗೆ ಬಂತು, ಒಳ ಅಂಚು ಬಹುತೇಕ ಇದ್ದಲ್ಲೇ ಉಳಿಯಿತು. ಒಳ್ಳೆಯ ಆಯ್ಕೆ. ಅದೇ 8.5ಜೆ ಇಟಿ35 ಆದರೆ ಹೊರ ಅಂಚು 28.7 ಮಿ.ಮೀ. ಆಚೆ. ನಾಲ್ಕು ಜನ ಕೂತು ಹಂಪ್ ಹಾರಿದಾಗ ಟೈರು ಫೆಂಡರ್ ಅಂಚನ್ನು ಕೆರೆಯುವ ಸಾಧ್ಯತೆ ದೊಡ್ಡದು, ವೀಲ್ ಬೇರಿಂಗ್ ಮೇಲಿನ ಹೊರೆಯೂ ಏರುತ್ತದೆ.

ಅಚ್ಚು ಅಳಿಸಿಹೋಗಿದ್ದರೆ ವೀಲನ್ನು ಮುಖ ಕೆಳಗಾಗಿ ಮಲಗಿಸಿ. ಹಿಂದಿನ ಅಂಚುಗಳ ಮೇಲೆ ನೇರವಾದ ಪಟ್ಟಿ ಇಟ್ಟು, ಅಲ್ಲಿಂದ ಹಬ್ ಮುಖದವರೆಗೆ ಆಳ ಅಳೆಯಿರಿ. ಅದರಿಂದ ವೀಲ್‌ನ ಒಟ್ಟು ಹೊರ ಅಗಲದ ಅರ್ಧ ಕಳೆದರೆ ಆಫ್‌ಸೆಟ್. ಅಚ್ಚಿನಲ್ಲಿರುವ ಅಗಲ ಟೈರ್ ಕೂರುವ ಜಾಗದ್ದು; ಹೊರ ಅಗಲ ಅದಕ್ಕಿಂತ ಸುಮಾರು ಒಂದು ಇಂಚು ಹೆಚ್ಚು.

ಟೈರ್ ಸೇರಿದ ಒಟ್ಟು ವ್ಯಾಸ ಮೂಲಕ್ಕಿಂತ ಶೇ. 2ರೊಳಗೇ ಇರಲಿ. 225/45 ಆರ್17ರ (ಅಗಲ 225 ಮಿ.ಮೀ., ಗೋಡೆಯ ಎತ್ತರ ಅದರ ಶೇ. 45, ರಿಮ್ 17 ಇಂಚು) ವ್ಯಾಸ 634 ಮಿ.ಮೀ., 225/40 ಆರ್18ರದು 637, ಹೊಂದಿತು. 235/35 ಆರ್19 ಹಾಕಿದರೆ 647, ಗೆರೆ ದಾಟುವಂತಿದೆ. ಅದಕ್ಕಿಂತ ಮುಖ್ಯವಾಗಿ ಟೈರಿನ ಗೋಡೆ 101ರಿಂದ 82 ಮಿ.ಮೀ.ಗೆ ಇಳಿಯಿತು. ಆಷಾಢದ ಮಳೆಯಲ್ಲಿ ಅರಬೈಲ್ ಘಟ್ಟದಲ್ಲಿ ನೀರು ತುಂಬಿದ ಹೊಂಡ ಎಷ್ಟು ಆಳ ಅಂತ ಯಾರಿಗೆ ಗೊತ್ತು? ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನಾ ಓಡಿಸುವ ಕಾರಿಗೆ 18 ಇಂಚಿಗೆ ನಿಲ್ಲುವುದೇ ಜಾಣತನ. 17 ಇನ್ನೂ ಒಳ್ಳೆಯದು, ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಒಳಗೆ ಹಿಡಿಸಿದರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಹಿಂದೆ ಮುಂದೆ ವ್ಯಾಸದ ಹೊಂದಾಣಿಕೆ ಕಂಪನಿ ಕೊಟ್ಟಂತೆಯೇ ಉಳಿಯಬೇಕು.

ಭಾರದ ಅಚ್ಚು ಇಲ್ಲದ ಅಲಾಯ್ ಮುಟ್ಟಬೇಡಿ. ಆಕ್ಸಲ್‌ನ ಗರಿಷ್ಠ ಭಾರ 1,080 ಕೆ.ಜಿ. ಇದ್ದರೆ ಪ್ರತಿ ವೀಲ್ ಕನಿಷ್ಠ 540 ಕೆ.ಜಿ. ಹೊರಬೇಕು.

ಟೈರ್ ಏರಿಸುವ ಮೊದಲು ಖಾಲಿ ರಿಮ್ಮನ್ನು ಮುಂದಿನ ಹಬ್‌ಗೆ ಹಾಕಿ ಕೈಯಲ್ಲಿ ತಿರುಗಿಸಿ. ಕ್ಯಾಲಿಪರ್ ಮತ್ತು ಸ್ಪೋಕ್ ನಡುವೆ 3 ಮಿ.ಮೀ. ಆದರೂ ಬೇಕು. ಟೈರ್ ಹಾಕಿದ ಮೇಲೆ ಸ್ಟೇರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಸ್ಟ್ರಟ್ (ವೀಲ್ ಹಿಂದಿನ ಸಸ್ಪೆನ್ಶನ್ ಕಂಬ) ಕಡೆಗೆ ಕೈಬೆರಳು ಸಲೀಸಾಗಿ ಹೋಗುತ್ತದೆಯೇ ನೋಡಿ. ಒಮ್ಮೆ ಟೈರ್ ಏರಿಸಿದ ರಿಮ್ಮನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ.

ಕಾರವಾರದಂಥ ಊರಲ್ಲಿ ಸಮುದ್ರದ ಗಾಳಿಯೇ ಇನ್ನೊಂದು ಖರ್ಚು. ಮುಖವನ್ನು ಯಂತ್ರದಲ್ಲಿ ಕೆತ್ತಿ ಹೊಳಪಿಸಿದ ಡೈಮಂಡ್ ಕಟ್ ಅಲಾಯ್‌ಗೆ ಒಂದು ಕಲ್ಲು ತಾಗಿ ಮೇಲಿನ ಲ್ಯಾಕರ್ ಲೇಪ ಎದ್ದರೆ ಸಾಕು, ಅದರಡಿ ಉಪ್ಪು ಹರಿದು ಬಿಳಿ ಹುಳು ಹರಿದಂಥ ಗೆರೆ ಮೂಡುತ್ತದೆ. ಪೂರ್ತಿ ಪೌಡರ್ ಕೋಟ್ ಆದದ್ದು ಹೆಚ್ಚು ಬಾಳುತ್ತದೆ. ಉಕ್ಕಿನ ಹಬ್‌ಗೆ ಅಲ್ಯೂಮಿನಿಯಂ ಅಂಟಿಕೊಳ್ಳುವುದೂ ಇಲ್ಲಿ ಬೇಗ. ಹಬ್ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ, ನಡುವಿನ ಉಬ್ಬಿಗೆ ಮಾತ್ರ ತೆಳುವಾಗಿ, ಲೋಹಗಳು ಅಂಟಿಕೊಳ್ಳದಂತೆ ತಡೆಯುವ ಆಂಟಿ‌ಸೀಜ್ ಸವರಿ. ಬೋಲ್ಟ್‌ನ ತಿರುಪಿಗೆ ಸವರಬಾರದು, ಟಾರ್ಕ್ (ಬಿಗಿಯುವ ಬಲ) ಲೆಕ್ಕವೇ ತಪ್ಪುತ್ತದೆ. ನಕ್ಷತ್ರದಾಕಾರದ ಕ್ರಮದಲ್ಲಿ, ಕಾರಿನ ಕೈಪಿಡಿಯಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಅಂಗಡಿಯವರ ನಟ್ಟು ಬಿಗಿಯುವ ಗನ್‌ನಿಂದ ಬಿಗಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾರವಾರದಿಂದ ಹೊನ್ನಾವರಕ್ಕೆ ಹೋಗುವಷ್ಟು, ಸುಮಾರು 90 ಕಿ.ಮೀ. ಓಡಿಸಿದ ಮೇಲೆ, ವೀಲ್ ತಣ್ಣಗಿರುವಾಗ ಮತ್ತೆ ಟಾರ್ಕ್ ರೆಂಚ್ ಹಾಕಿ.

ಶಿರಸಿ ಒಳಹಳ್ಳಿಗಳ ಕೆಂಪುಮಣ್ಣಿನ ದಾರಿಯಲ್ಲಿ ಹೋಗಿ ಬಂದ ಮಾರನೆ ದಿನ ಸ್ಟೇರಿಂಗ್ ನಡುಗಿದರೆ ಗಾಬರಿ ಬೀಳುವ ಮೊದಲು ರಿಮ್‌ನ ಒಳಮೈ ನೋಡಿ. ಅಲ್ಲಿ ಒಣಗಿ ಕೂತ ಮಣ್ಣು ಕೆಲವೇ ಗ್ರಾಂ ಇದ್ದರೂ ಸಾಕು. ನೀರು ಹೊಡೆದು ತೊಳೆದ ಮೇಲೂ ನಡುಕ ಇದ್ದರೆ ಮಾತ್ರ ಬ್ಯಾಲೆನ್ಸಿಂಗ್‌ಗೆ ಹೋಗಿ.