ಸ್ಕೂಟರ್ ಮೋಟರ್ ಬದಲಿಸುವ ಮುಂಚೆ ಇಷ್ಟು ನೋಡಿ

ಎಲೆಕ್ಟ್ರಿಕ್ ಸ್ಕೂಟರ್‌ನ ಆಕ್ಸಿಲರೇಟರ್ ತಿರುಗಿಸಿದರೆ ಚಕ್ರ ನಡುಗುತ್ತದೆ, ಕಟಕಟ ಅನ್ನುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ‘ಮೋಟರ್ ಹೋಗಿದೆ’ ಎಂಬ ಮಾತು ಕೇಳಿ ಸುಮ್ನೆ ದುಡ್ಡು ಸುರಿಯಬೇಡಿ. ಚಕ್ರದೊಳಗೇ ಕೂತಿರುವ ಹಬ್ ಮೋಟರ್‌ಗೆ ಉಜ್ಜಿ ಸವೆಯುವ ಬ್ರಷ್ ಇಲ್ಲ. ಅದರಲ್ಲಿ ಸವೆಯುವುದು ಮುಖ್ಯವಾಗಿ ಬೇರಿಂಗ್. ತಪ್ಪು ಬೇರೆಲ್ಲೋ ಇರಬಹುದು.

ವಾರಂಟಿ ಇದ್ದರೆ ಬಿಚ್ಚಲು ಹೋಗಬೇಡಿ. ಇಲ್ಲದಿದ್ದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಮೋಟರ್‌ಗೆ ಕರೆಂಟ್ ಹಂಚುವ ಕಂಟ್ರೋಲರ್‌ನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಕೆಲವು ನಿಮಿಷ ಕಾಯಿರಿ.

ಮೊದಲ ಪರೀಕ್ಷೆಗೆ ಮೀಟರೇ ಬೇಡ. ಮೋಟರ್‌ನಿಂದ ಬರುವ ಮೂರು ದಪ್ಪ ವೈರ್‌ಗಳನ್ನು ಕಂಟ್ರೋಲರ್‌ನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಇಟ್ಟು ಚಕ್ರ ತಿರುಗಿಸಿ. ಸಲೀಸಾಗಿ ತಿರುಗಬೇಕು. ಈಗ ಯಾವುದಾದರೂ ಎರಡು ವೈರ್ ಜೋಡಿಸಿ. ಚಕ್ರ ಬಿಗಿಯಾಗಿ, ತಡೆದು ತಡೆದು ತಿರುಗಬೇಕು. ಮೂರೂ ಜೋಡಿಯಲ್ಲಿ ಬಿಗಿ ಒಂದೇ ಸಮ ಇದ್ದರೆ ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಚೆನ್ನಾಗಿದೆ ಎಂದು ನಂಬಬಹುದು. ಏನೂ ಜೋಡಿಸದೆಯೇ ಬಿಗಿಯಾಗಿದ್ದರೆ ಒಳಗೆ ಶಾರ್ಟ್ ಆಗಿರಬಹುದು, ಬೇರಿಂಗನ್ನೂ ನೋಡಿ. ಕಂಟ್ರೋಲರ್‌ಗೆ ಸೇರಿಸಿದಾಗ ಮಾತ್ರ ಬಿಗಿಯಾದರೆ ಕಂಟ್ರೋಲರ್‌ನ ಮಾಸ್‌ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಭಾಗ) ಸುಟ್ಟಿರಬಹುದು. ಮೋಟರ್ ಪಾಪ, ಏನೂ ಮಾಡಿಲ್ಲ! ಇದನ್ನೇ ಮಲ್ಟಿಮೀಟರ್‌ನಲ್ಲಿ ಓಮ್ ಅಳೆದು ತಿಳಿಯಲು ಹೋದರೆ ಕಷ್ಟ. ವೈಂಡಿಂಗ್‌ನ ರೋಧ ಒಂದು ಓಮ್‌ಗಿಂತ ಕಡಿಮೆ ಇರುವುದರಿಂದ ಸಾಮಾನ್ಯ ಮೀಟರ್‌ಗೆ ವ್ಯತ್ಯಾಸ ಸಿಗುವುದಿಲ್ಲ. ಮೀಟರ್ ಬೇಕಾಗುವುದು ದಪ್ಪ ವೈರ್‌ಗೂ ಆಕ್ಸಲ್‌ಗೂ ಸಂಪರ್ಕ ಇದೆಯೇ ಎಂದು ನೋಡಲು. ಬೀಪ್ ಬರಬಾರದು.

ಆಮೇಲೆ ಹಾಲ್ ಸೆನ್ಸರ್. ಚಕ್ರದ ಆಯಸ್ಕಾಂತ ಎಲ್ಲಿದೆ ಎಂದು ಕಂಟ್ರೋಲರ್‌ಗೆ ಹೇಳುವುದು ಇವೇ. ನಡುಗುವ ಚಕ್ರದಲ್ಲಿ ನನ್ನ ಮೊದಲ ಅನುಮಾನ ಇವುಗಳ ಮೇಲೆಯೇ. ದಪ್ಪ ವೈರ್‌ಗಳ ತುದಿಗೆ ಟೇಪ್ ಸುತ್ತಿ ಬೇರೆಯಾಗಿಯೇ ಬಿಡಿ, ಚಕ್ರ ಥಟ್ಟನೆ ತಿರುಗಬಾರದು. ಸೆನ್ಸರ್‌ನಿಂದ ಬರುವ ಸಣ್ಣ ವೈರ್‌ಗಳ ಕನೆಕ್ಟರ್ ಹಾಕಿರಲಿ. ಬ್ಯಾಟರಿ ಸೇರಿಸಿ, ಕೀ ಆನ್ ಮಾಡಿ. ಆ ಸಣ್ಣ ವೈರ್‌ಗಳಲ್ಲಿ ಕೆಂಪು-ಕಪ್ಪು ವೈರ್ ನಡುವೆ ಸುಮಾರು 5 ವೋಲ್ಟ್ ಇರಬೇಕು. ಮೀಟರ್‌ನ ಕಪ್ಪು ಕಡ್ಡಿ ಕಪ್ಪು ವೈರ್‌ನಲ್ಲಿಟ್ಟು, ಕೆಂಪು ಕಡ್ಡಿಯನ್ನು ಉಳಿದ ಮೂರರಲ್ಲಿ ಒಂದೊಂದಾಗಿ ಇಡಿ. ಚಕ್ರವನ್ನು ತುಂಬಾ ನಿಧಾನ ತಿರುಗಿಸಿದಂತೆ ವೋಲ್ಟೇಜ್ ಸೊನ್ನೆಗೆ ಇಳಿದು ಮತ್ತೆ ಏರುತ್ತಿರಬೇಕು. ಒಂದು ಕದಲದೆ ನಿಂತರೆ ಆ ಸೆನ್ಸರ್ ಅಥವಾ ಅದರ ವೈರ್ ಹೋಗಿದೆ. ಮೂರು ಕಾಲಿನ ಪುಟ್ಟ ಬಿಡಿಭಾಗ ಅದು, ಅದಕ್ಕಾಗಿ ಇಡೀ ಮೋಟರ್ ಎಸೆಯಬೇಕಿಲ್ಲ ಅಲ್ವಾ?

ಇದೆಲ್ಲ ಕೆಡದಂತೆ ನೋಡಿಕೊಳ್ಳಲು ಆಕ್ಸಲ್ ನಟ್ ಮೇಲೆ ಕಣ್ಣಿಡಿ. ಪಂಕ್ಚರ್ ಹಾಕಿಸಿದ ಮೇಲೆ ನನ್ನ ಸ್ಕೂಟರ್‌ನ ನಟ್ ಸಡಿಲವೇ ಉಳಿದಿತ್ತು. ಆಕ್ಸಲ್ ತಾನೇ ತಿರುಗಿ ವೈರ್‌ಗಳನ್ನು ಹಿಂಡಿತು. ದಪ್ಪ ವೈರ್ ಸಣ್ಣ ವೈರ್‌ಗೆ ತಾಗಿ ಸೆನ್ಸರ್, ಕಂಟ್ರೋಲರ್ ಎರಡೂ ಸುಟ್ಟವು. ಅಂದಿನಿಂದ ಚಕ್ರ ಬಿಚ್ಚಿಸಿದಾಗಲೆಲ್ಲ ನಟ್ ಬಿಗಿಯನ್ನು ನಾನೇ ನೋಡುತ್ತೇನೆ.

ಇಬ್ಬರು ಕೂತು ಚಾಮುಂಡಿ ಬೆಟ್ಟದಂಥ ಏರನ್ನು ನಿಧಾನವಾಗಿ ಹತ್ತಿದರೆ ಮೋಟರ್ ಜಾಸ್ತಿ ಕಾಯುತ್ತದೆ, ನಡುವೆ ನಿಲ್ಲಿಸಿ. ಚಕ್ರಕ್ಕೆ ಪ್ರೆಷರ್ ನೀರು ಹೊಡೆಯಬೇಡಿ. ಆಕ್ಸಲ್‌ನಿಂದ ಹೊರಬರುವ ವೈರ್ ಸ್ವಲ್ಪ ಕೆಳಗೆ ಜೋತು, ಆಮೇಲೆ ಮೇಲೆ ಹೋಗುವಂತೆ ಕಟ್ಟಿ. ಮಳೆ ನೀರು ವೈರ್ ಹಿಡಿದು ಮೋಟರ್‌ಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.