ಹಳೇ ಕ್ರೌನ್ ಗ್ರಾಫಿಕ್‌ಗೆ ಇನ್ಫಿನಿಟಿ ಫೋಕಸ್ ಕೂರಿಸಿದ್ದು: ನನ್ನ ಅನುಭವ

ಮೊದಲ ನೆಗೆಟಿವ್ ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ನೋಡಿದೆ. ಚಾಮುಂಡಿ ಬೆಟ್ಟ ಮಸುಕಾಗಿತ್ತು. ಆದರೆ ಎದುರು ಮನೆಯ ತೆಂಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನಾನು ಫೋಕಸ್ ಮಾಡಿದ್ದು ಬೆಟ್ಟಕ್ಕೆ. ಫೋಕಸ್ ನೋಡಲು ಕ್ಯಾಮೆರಾದ ಹಿಂಬದಿಯಲ್ಲಿರುವ ಒರಟು ಗಾಜಿನ, ಅಂದರೆ ಗ್ರೌಂಡ್ ಗ್ಲಾಸಿನ, ಮೇಲೆ ಬೆಟ್ಟ ತಲೆಕೆಳಗಾಗಿ, ಚೂಪಾಗಿ ಕೂತಿದ್ದನ್ನು ಕಣ್ಣಾರೆ ಕಂಡಿದ್ದೆ. ಹಾಗಿದ್ದರೆ ಫಿಲ್ಮ್‌ಗೆ ಬೇರೆಯದೇ ಚಿತ್ರ ಬಿದ್ದದ್ದು ಹೇಗೆ?

ಕ್ಯಾಮೆರಾ 4×5 ಇಂಚಿನ ಪೇಸ್‌ಮೇಕರ್ ಕ್ರೌನ್ ಗ್ರಾಫಿಕ್. ಅಮೆರಿಕದ ಗ್ರಾಫ್ಲೆಕ್ಸ್ ಕಂಪನಿ 1947ರಿಂದ 1973ರವರೆಗೆ ತಯಾರಿಸಿದ ಮಾದರಿ ಇದು. ಲೆನ್ಸ್ 135 ಎಂಎಂ ಕ್ಸೆನಾರ್, ಎಫ್ 4.7. ಪತ್ರಿಕೆ ಫೋಟೋಗ್ರಾಫರುಗಳಿಗೆಂದೇ ಮಾಡಿದ ಕ್ಯಾಮೆರಾ. ಅವರಿಗೆ ಪ್ರತಿ ಸಲ ಕಪ್ಪು ಬಟ್ಟೆ ಹೊದ್ದು ಗಾಜು ನೋಡುತ್ತಾ ಕೂರುವಷ್ಟು ಪುರುಸೊತ್ತಿರಲಿಲ್ಲ. ಅದಕ್ಕೇ ಲೆನ್ಸ್ ಹಿಂದೆ ಮುಂದೆ ಜಾರುವ ಹಳಿಗಳ ಮೇಲೆ ಎರಡು ಪುಟ್ಟ ಲೋಹದ ತಡೆಗಳಿವೆ, ಇನ್ಫಿನಿಟಿ ಸ್ಟಾಪ್ ಅಂತಾರೆ. ಲೆನ್ಸ್ ಹೊತ್ತ ಚೌಕಟ್ಟನ್ನು ಅವಕ್ಕೆ ತಾಗುವವರೆಗೆ ಎಳೆದು ಬಿಗಿ ಮಾಡಿದರೆ ದೂರದ ವಸ್ತು ಫೋಕಸ್ ಆಗಿರಬೇಕು. ನನಗೆ ಸಿಕ್ಕ ಕ್ಯಾಮೆರಾದಲ್ಲಿ ಅವು ಬೇರೆ ಯಾವುದೋ ಲೆನ್ಸ್‌ಗೆ ಹೊಂದಿಸಿದ್ದ ಜಾಗದಲ್ಲಿದ್ದವು. ಗ್ಲಾಸ್ ನೋಡಿಕೊಂಡು ನಾನೇ ಸರಿಸಿ ಕೂರಿಸಿದೆ, ಕೆಲಸ ಆಯ್ತು ಅಂದುಕೊಂಡೆ. ಆಮೇಲೆ ಬಂದದ್ದೇ ಈ ತೆಂಗಿನ ಮರದ ನೆಗೆಟಿವ್.

ಉತ್ತರ ಆ ಮರದಲ್ಲೇ ಇತ್ತು. ಹೆಜ್ಜೆ ಹಾಕಿ ಅಳೆದೆ, ಸುಮಾರು 18 ಮೀಟರ್. 135 ಎಂಎಂ ಲೆನ್ಸನ್ನು ಇನ್ಫಿನಿಟಿಯಿಂದ 18 ಮೀಟರಿಗೆ ತರಲು ಅದನ್ನು ಒಂದು ಮಿಲಿಮೀಟರ್ ಮುಂದಕ್ಕೆ ತಳ್ಳಿದರೆ ಸಾಕು. ಅಂದರೆ ನನ್ನ ಗ್ಲಾಸಿಗೂ ಫಿಲ್ಮಿಗೂ ಒಂದು ಮಿಲಿಮೀಟರ್ ವ್ಯತ್ಯಾಸ ಇರಬೇಕು. ಫಿಲ್ಮ್ ಅಷ್ಟು ಹಿಂದಕ್ಕಿದೆ.

ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಕೂತೆ. ಫೋಟೋ ತೆಗೆಯುವಾಗ ಗಾಜಿನ ಜಾಗಕ್ಕೆ ಬರುವುದು ಫಿಲ್ಮ್ ಹಿಡಿಯುವ ಹೋಲ್ಡರ್. ಹಾಳಾದ ಒಂದು ಫಿಲ್ಮನ್ನು ಅದಕ್ಕೆ ಹಾಕಿ, ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಕ್ಯಾಲಿಪರ್‌ನ ಕಡ್ಡಿ ಇಳಿಸಿ ಆಳ ನೋಡಿದೆ. ಸ್ಕೇಲಿನ ದಪ್ಪ ಕಳೆದರೆ 4.8 ಮಿ.ಮೀ. ಇದು ಸರಿಯಾದ ಲೆಕ್ಕವೇ. 4×5 ಹೋಲ್ಡರಿನ ತಳದ ಆಳ 0.197 ಇಂಚು, ಹೆಚ್ಚುಕಮ್ಮಿ 5 ಮಿ.ಮೀ. ಅದರಲ್ಲಿ ಫಿಲ್ಮಿನ ದಪ್ಪ ಕಳೆಯಬೇಕು ಅಲ್ವಾ. ಆಮೇಲೆ ಗ್ಲಾಸ್ ಇರುವ ಹಿಂಬದಿ ಚೌಕಟ್ಟನ್ನು ಬಿಚ್ಚಿ, ಬೋರಲು ಹಾಕಿ, ಗಾಜಿನ ಒರಟು ಮುಖದವರೆಗೆ ಅದೇ ರೀತಿ ಅಳೆದೆ. 3.8!

ಕಾರಣ ಆಮೇಲೆ ಹೊಳೆಯಿತು. ಈ ಕ್ಯಾಮೆರಾದಲ್ಲಿ ಗ್ರೌಂಡ್ ಗ್ಲಾಸಿನ ಮುಂದೆ, ಲೆನ್ಸಿನ ಕಡೆಗೆ, ಪ್ಲಾಸ್ಟಿಕ್ಕಿನ ಒಂದು ಫ್ರೆನೆಲ್ ಹಾಳೆ ಇರಬೇಕಿತ್ತು. ಅದು ಚಿತ್ರವನ್ನು ಮೂಲೆಗಳಲ್ಲೂ ಬೆಳಗಿಸುತ್ತದೆ. ಗೀರು ಬಿದ್ದಿತ್ತೇನೋ, ಹಿಂದಿನವರು ಯಾರೋ ಅದನ್ನು ಕಿತ್ತು ಬರೀ ಗಾಜು ಕೂರಿಸಿದ್ದರು. ಹಾಳೆ ಹೋದ ಜಾಗಕ್ಕೆ ಗಾಜು ಮುಂದೆ ಬಂದಿತ್ತು. ಫ್ರೆನೆಲ್ ಗಾಜಿನ ಹಿಂದೆ ಇರುವ ಕ್ಯಾಮೆರಾಗಳಲ್ಲಿ ತೆಗೆದರೂ ತೊಂದರೆ ಇಲ್ಲ. ಇದರಲ್ಲಿ ಹಾಗಲ್ಲ.

ಹೊಸ ಹಾಳೆ ಹುಡುಕುವ ಬದಲು ಗಾಜನ್ನೇ ಹಿಂದಕ್ಕೆ ತಂದೆ. ಅವಧಿ ಮುಗಿದ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದಕ್ಕೂ ವಿಸಿಟಿಂಗ್ ಕಾರ್ಡಿನ ತುಂಡು ಅಂಟಿಸಿದೆ. ಒಂದು ಮಿಲಿಮೀಟರ್ ಆಯಿತು. ನಾಲ್ಕು ಮೂಲೆಗೂ ಇಟ್ಟು, ಮೇಲೆ ಗಾಜು ಕೂರಿಸಿ, ಕ್ಲಿಪ್ ಹಾಕಿ ಮತ್ತೆ ಅಳೆದೆ. ನಾಲ್ಕೂ ಮೂಲೆಯಲ್ಲಿ 4.8. ಒಂದೇ ಮೂಲೆ ಅಳೆದು ಬಿಟ್ಟುಬಿಡಬೇಡಿ. ಗಾಜು ಓರೆಯಾಗಿದ್ದರೆ ಆಮೇಲೆ ತಪ್ಪು ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಇನ್ನು ಸ್ಟಾಪ್‌ಗಳ ಕೆಲಸ. ಇದಕ್ಕೆ ರಾತ್ರಿಯೇ ಒಳ್ಳೆಯದು. ಹಗಲಲ್ಲಿ ಬೆಟ್ಟದ ಮೇಲೆ ಬಿಸಿಲಿನ ಮಬ್ಬು ಇರುತ್ತದೆ, ಚೂಪು ಯಾವುದು ಅಂತ ಕಣ್ಣು ತೀರ್ಮಾನಿಸಲು ಒದ್ದಾಡುತ್ತದೆ. ಮೈಸೂರಿನ ನಮ್ಮ ತಾರಸಿಯಿಂದ ರಾತ್ರಿ ನೋಡಿದರೆ ಬೆಟ್ಟದ ರಸ್ತೆಯ ದೀಪಗಳು ಸಾಲಾಗಿ ಕಾಣುತ್ತವೆ. ಒಂದೊಂದೂ ಒಂದು ಚುಕ್ಕೆ. ಚುಕ್ಕೆ ಎಂದೂ ಸುಳ್ಳು ಹೇಳುವುದಿಲ್ಲ.

ಲೆನ್ಸನ್ನು ಎಫ್ 4.7ಕ್ಕೆ ಪೂರ್ತಿ ತೆರೆದೆ. ಇದು ಮುಖ್ಯ. ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಎಫ್ 22ರಲ್ಲಿ ಪರೀಕ್ಷೆ ಮಾಡಿದರೆ ಒಂದು ಮಿಲಿಮೀಟರ್ ತಪ್ಪೂ ಮುಚ್ಚಿಹೋಗುತ್ತದೆ. ಮುಂದಿನ ಚೌಕಟ್ಟಿನ ಏರಿಳಿತ, ಓರೆ ಎಲ್ಲ ಸೊನ್ನೆಗೆ ತಂದೆ. ನಾಬ್ ತಿರುಗಿಸಿ ಹಳಿಯನ್ನು ಸ್ಕೇಲಿನ ಇನ್ಫಿನಿಟಿ ಗುರುತಿಗೆ ನಿಲ್ಲಿಸಿದೆ. ಸ್ಟಾಪ್‌ಗಳ ಸ್ಕ್ರೂ ಸಡಿಲಿಸಿ, ಬಟ್ಟೆ ಹೊದ್ದು, ಲೂಪ್ ಗಾಜಿಗೆ ಒತ್ತಿ, ಚೌಕಟ್ಟನ್ನು ಕೈಯಿಂದಲೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದೆ. ದೀಪ ಮೊದಲು ಬಟಾಣಿ, ಆಮೇಲೆ ಸಾಸಿವೆ, ಆಮೇಲೆ ಸೂಜಿಮೊನೆ. ದಾಟಿದರೆ ಮತ್ತೆ ಸಾಸಿವೆ. ನಾಲ್ಕೈದು ಸಲ ಈ ಕಡೆ ಆ ಕಡೆ ಹೋಗಿ ನಡುವೆ ನಿಲ್ಲಿಸಿ ಬಿಗಿ ಮಾಡಿದೆ. ಆಮೇಲೆ ಎರಡೂ ಸ್ಟಾಪನ್ನು ಚೌಕಟ್ಟಿಗೆ ತಾಗಿಸಿ, ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದನ್ನೇ ಪೂರ್ತಿ ತಿರುಗಿಸಿದರೆ ಸ್ಟಾಪ್ ಜರುಗುತ್ತದೆ. ಹಿಂದೆ ಕೂರಿಸಿದ್ದ ಜಾಗದಿಂದ ಒಂದು ಮಿಲಿಮೀಟರಷ್ಟು ಹಿಂದಕ್ಕೆ ಬಂದಿದ್ದವು, ಲೆಕ್ಕ ತಾಳೆಯಾಯಿತು.

ಕೊನೆಗೆ ಕ್ಯಾಮೆರಾ ತಿರುಗಿಸಿ ಅದೇ ದೀಪವನ್ನು ಗಾಜಿನ ಎಡ ಅಂಚಿಗೆ, ಬಲ ಅಂಚಿಗೆ ತಂದು ನೋಡಿದೆ. ಬಲಗಡೆ ಸ್ವಲ್ಪ ದಪ್ಪ. ಬಲ ಸ್ಟಾಪ್ ಚೂರು ಮುಂದಿತ್ತು. ಸರಿ ಮಾಡಿ, ಚೌಕಟ್ಟನ್ನು ಒಳಗೆ ತಳ್ಳಿ, ಮತ್ತೆ ಎಳೆದು ತಾಗಿಸಿ ನೋಡಿದೆ. ಹತ್ತು ಸಲವೂ ಸೂಜಿಮೊನೆಯೇ.

ಮರುದಿನ ಸಂಜೆ ಬೆಳಕು ಇಳಿದ ಮೇಲೆ ಪೂರ್ತಿ ತೆರೆದ ಲೆನ್ಸಿನಲ್ಲೇ ಒಂದು ಹಾಳೆ ಫಿಲ್ಮ್ ಖರ್ಚು ಮಾಡಿದೆ. ಈ ಸಲ ತೆಂಗಿನ ಗರಿ ಮಸುಕು, ಬೆಟ್ಟದ ಮೇಲೆ ದೇವಸ್ಥಾನದ ಗೋಪುರದ ಅಂಚು ಚೂಪು. ಸ್ಕ್ರೂ ತಲೆಗಳಿಗೆ ಒಂದೊಂದು ಹನಿ ನೈಲ್ ಪಾಲಿಶ್ ಹಚ್ಚಿದ್ದೇನೆ, ಸಡಿಲವಾಗದಿರಲಿ ಅಂತ. ಗಾಜು ನೋಡದೆ ಫೋಕಸ್ ಮಾಡಲು ಇರುವ ರೇಂಜ್‌ಫೈಂಡರ್‌ಗೆ ಇನ್ನೂ ಕೈ ಹಾಕಿಲ್ಲ. ಅದನ್ನು ಈ ಸ್ಟಾಪ್‌ಗಳಿಂದಲೇ ಶುರು ಮಾಡಬೇಕು.