ಮರೀನಾದಲ್ಲಿ ಬೋಟಿಗೆ ದಡದ ಕರೆಂಟು ಜೋಡಿಸುವುದು

ಮರೀನಾದಲ್ಲಿ, ಅಂದರೆ ಬೋಟು ನಿಲ್ಲಿಸುವ ತಾಣದಲ್ಲಿ, ಜೆಟ್ಟಿಗೆ ಬೋಟು ಕಟ್ಟಿ, ಕೇಬಲ್ ಎಳೆದು, ಪ್ಲಗ್ ಚುಚ್ಚಿದರೆ ಮುಗಿಯಿತು ಎನ್ನುವಷ್ಟು ಸುಲಭವಾಗಿ ಕಾಣುವ ಕೆಲಸ ಇದು. ಕೈಪಳಗಿದವರಿಗೆ ಹೆಚ್ಚು ಹೊತ್ತೂ ಬೇಕಾಗುವುದಿಲ್ಲ. ಆದರೆ ಮನೆಯ ಪ್ಲಗ್ಗಿನಂತೆ ಇದು ಗೋಡೆಯಲ್ಲಿ ಬೆಚ್ಚಗೆ ಕೂತಿರುವುದಿಲ್ಲ. ಬೋಟು ಅಲುಗಿದಾಗಲೆಲ್ಲ ಅಲುಗುತ್ತದೆ, ತೇವ ಕುಡಿಯುತ್ತದೆ, ಸಮುದ್ರದ ಪಕ್ಕವಾದರೆ ಉಪ್ಪೂ ಹಿಡಿಯುತ್ತದೆ. ಏನಾದರೂ ಆದರೆ ಬ್ರೇಕರ್ ಟ್ರಿಪ್ ಆಗುತ್ತದಲ್ಲ ಎಂಬ ಧೈರ್ಯ ಇಲ್ಲಿ ಅರ್ಧ ಮಾತ್ರ ನಿಜ.

ಮೊದಲು ಸಾಕೆಟ್ ಯಾವುದು ನೋಡಿ

ಜೆಟ್ಟಿಯ ಮೇಲೆ ನಿಂತಿರುವ ಕರೆಂಟಿನ ಕಂಬಕ್ಕೆ ಪೆಡೆಸ್ಟಲ್ ಎನ್ನುತ್ತಾರೆ. ಯುರೋಪಿನ ಮರೀನಾಗಳಲ್ಲಿ ಅದರಲ್ಲಿ ಸಾಮಾನ್ಯವಾಗಿ ಇರುವುದು 230 ವೋಲ್ಟ್, 50 ಹರ್ಟ್ಸ್, 16 ಆಂಪ್‌ನ ನೀಲಿ ಬಣ್ಣದ ದುಂಡು ಸಾಕೆಟ್. ಮೂರು ಪಿನ್, ಅದರಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ ದಪ್ಪ. ದೊಡ್ಡ ಬೋಟುಗಳಿಗೆ ಅದೇ ನೀಲಿಯಲ್ಲಿ 32 ಆಂಪ್‌ನದ್ದು, ತ್ರೀ ಫೇಸ್ ಬೇಕಾದವರಿಗೆ ಕೆಂಪು ಬಣ್ಣದ ಐದು ಪಿನ್ನಿನದ್ದು. ಉತ್ತರ ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್, 30 ಆಂಪ್‌ನ, ತಿರುಗಿಸಿ ಲಾಕ್ ಮಾಡುವ ಸಾಕೆಟ್ ಹೆಚ್ಚು. ಅಲ್ಲಿನ ದೊಡ್ಡ ಬೋಟುಗಳದ್ದು 50 ಆಂಪ್, 125/250 ವೋಲ್ಟ್, ನಾಲ್ಕು ವೈರು. 16 ಆಂಪ್ ಗುಣಿಸು 230 ವೋಲ್ಟ್ ಎಂದರೆ 3,680 ವ್ಯಾಟ್. 30 ಗುಣಿಸು 120 ಎಂದರೆ 3,600. ಸಣ್ಣ ಬೋಟಿಗೆ ಎರಡೂ ಕಡೆ ಸಿಗುವುದು ಹೆಚ್ಚುಕಮ್ಮಿ ಒಂದೇ.

ಒಂದು ಕಡೆಯ ಬೋಟನ್ನು ಇನ್ನೊಂದು ಕಡೆಗೆ ಒಯ್ದವರಿಗೆ ಅಡಾಪ್ಟರ್ ಸಾಲದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸೀತು, ಹರ್ಟ್ಸ್ ಬದಲಿಸದು. 60 ಹರ್ಟ್ಸ್‌ಗೆಂದು ಮಾಡಿದ ಎಸಿ ಕಂಪ್ರೆಸರ್, ಪಂಪು 50 ಹರ್ಟ್ಸ್‌ನಲ್ಲಿ ನಿಧಾನವಾಗಿ ತಿರುಗಿ ಹೆಚ್ಚು ಬಿಸಿಯಾಗುತ್ತವೆ. ಬ್ಯಾಟರಿ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿದ್ದರೆ ಅದಕ್ಕೆ ತೊಂದರೆಯಿಲ್ಲ.

16 ಆಂಪ್ ಕೇಬಲನ್ನು 32 ಆಂಪ್ ಸಾಕೆಟ್ಟಿಗೆ ಹಾಕುವ ಬರಿ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಪೆಡೆಸ್ಟಲಿನ ಬ್ರೇಕರ್ 32 ಆಂಪ್‌ವರೆಗೂ ಸುಮ್ಮನಿರುತ್ತದೆ, ನಡುವಿನ ಕೇಬಲಿಗೆ ದಿಕ್ಕಿಲ್ಲದಂತಾಗುತ್ತದೆ. ಅಡಾಪ್ಟರಿನ ಒಳಗೇ 16 ಆಂಪ್ ಬ್ರೇಕರ್ ಇರುವಂಥದ್ದಾದರೆ ಸರಿ.

ಕೇಬಲ್

16 ಆಂಪ್‌ಗೆ ಕನಿಷ್ಠ 2.5 ಚದರ ಮಿಲಿಮೀಟರ್‌ನ ಮೂರು ಎಳೆಯ ರಬ್ಬರ್ ಕೇಬಲ್ ಬೇಕು. ಯುರೋಪಿನಲ್ಲಿ ಎಚ್07ಆರ್‌ಎನ್-ಎಫ್ ಎಂದು ಮೇಲೆ ಅಚ್ಚಾಗಿರುತ್ತದೆ. ಅಮೆರಿಕದ 30 ಆಂಪ್‌ಗೆ 10 ಗೇಜ್ (ಗೇಜ್ ಎಂದರೆ ಅಲ್ಲಿ ವೈರಿನ ದಪ್ಪದ ಅಳತೆ). 2.5ರ ಕೇಬಲ್ 25 ಮೀಟರ್ ಉದ್ದವಿದ್ದು ಪೂರ್ತಿ 16 ಆಂಪ್ ಎಳೆದರೆ ಅದರಲ್ಲೇ ಸುಮಾರು 6 ವೋಲ್ಟ್ ಕರಗುತ್ತದೆ. ಅಷ್ಟು ಪರವಾಗಿಲ್ಲ. ಎರಡು ಕೇಬಲ್ ಸೇರಿಸಿ 50 ಮೀಟರ್ ಮಾಡಿದರೆ 12 ವೋಲ್ಟ್, ಜೊತೆಗೆ ಜೆಟ್ಟಿಯ ಮೇಲೆ ಒದ್ದೆಯಾಗಲು ಕಾಯುತ್ತಿರುವ ಒಂದು ಜೋಡಣೆ. ಎರಡನೆಯದೇ ದೊಡ್ಡ ತಲೆನೋವು.

ಹೆಚ್ಚಿದ ಉದ್ದವನ್ನು ಬಿಗಿಯಾಗಿ ಸುರುಳಿ ಸುತ್ತಿ ಇಡಬೇಡಿ. ಡ್ರಮ್ಮಿನ ಮೇಲೆ ಸುತ್ತಿದ ಕೇಬಲಾದರೆ ಪೂರ್ತಿ ಬಿಚ್ಚಿ. ಒಳಗಿನ ಸುತ್ತುಗಳ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಲೋಡ್ ಇರುವಾಗ ಹೊದಿಕೆ ಮೆತ್ತಗಾಗುತ್ತದೆ. ಉದ್ದ ಉಳಿದರೆ ಡೆಕ್ಕಿನ ಮೇಲೆ ಸಡಿಲವಾಗಿ ಹಾವಿನಂತೆ ಹರಡಿ.

ಪ್ಲಗ್ಗಿನ ಮುಖ

ಇಲ್ಲಿ ಒಂದು ನಿಮಿಷ ಹೆಚ್ಚು ಕಳೆಯಿರಿ. ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ ಹೊಳೆಯುತ್ತಿರಬೇಕು. ಒಂದೇ ಒಂದು ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆಯೇ, ಸಾಕೆಟ್ಟಿನ ತೂತು ಸ್ವಲ್ಪ ಸೊಟ್ಟಗಾಗಿದೆಯೇ, ಪಿನ್ನಿನ ಮೇಲೆ ಕಪ್ಪು ಚುಕ್ಕೆಯ ಗುಳಿಗಳಿವೆಯೇ? ಇದ್ದರೆ ಆ ಜಾಗದಲ್ಲಿ ಸಂಪರ್ಕ ಸಡಿಲವಾಗಿ ಬಿಸಿಯಾಗಿದೆ ಎಂದು ಅರ್ಥ. ಮರಳುಕಾಗದದಲ್ಲಿ ಉಜ್ಜಿ ಮತ್ತೆ ಬಳಸುವವರಿದ್ದಾರೆ; ಅದು ದಂಡ. ಒಮ್ಮೆ ಕಾದ ಸ್ಪ್ರಿಂಗ್ ಹಿಡಿತ ಮರಳಿ ಬರುವುದಿಲ್ಲ. ಕೇಬಲಿನ ತುದಿಯನ್ನೂ ಬೋಟಿನ ಇನ್‌ಲೆಟ್ಟನ್ನೂ (ಬೋಟಿನ ಮೇಲೆ ಕೇಬಲ್ ಬಂದು ಸೇರುವ ಬಾಯಿ) ಒಟ್ಟಿಗೆ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನು ಕೆಡಿಸುತ್ತದೆ.

ಬ್ರೇಕರ್ ಇದನ್ನು ಯಾಕೆ ತಡೆಯುವುದಿಲ್ಲ? 15 ಆಂಪ್ ಹರಿಯುವಾಗ ಒಂದು ಪಿನ್ನಿನಲ್ಲಿ ಬರೀ 0.1 ಓಮ್ ಪ್ರತಿರೋಧ ಬಂದರೂ ಅಲ್ಲಿ 22 ವ್ಯಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ. ಪ್ಲಗ್ಗಿನೊಳಗೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ. ಬ್ರೇಕರ್ ಅಳೆಯುವುದು ಆಂಪನ್ನು. ಅದರ ಲೆಕ್ಕದಲ್ಲಿ 15 ಆಂಪ್ ಎಂದರೆ ಎಲ್ಲ ಸರಿಯಾಗಿದೆ. ಅಷ್ಟೇ ಅಲ್ಲ, ಯುರೋಪಿನ ಮಾನದಂಡದ 16 ಆಂಪ್ ಬ್ರೇಕರ್ 18 ಆಂಪ್‌ನಲ್ಲಿ ಒಂದು ಗಂಟೆಯವರೆಗೆ ಟ್ರಿಪ್ ಆಗಬಾರದು ಎಂಬುದೇ ನಿಯಮ. ಒಂದು ಗಂಟೆಯೊಳಗೆ ಖಂಡಿತ ಬೀಳಬೇಕಾದ್ದು ಸುಮಾರು 23 ಆಂಪ್‌ಗೆ. ಹಾಗಾಗಿ ಜೋಡಿಸಿ ಅರ್ಧ ಗಂಟೆಯಾದ ಮೇಲೆ ಎರಡೂ ಪ್ಲಗ್ಗನ್ನು ಹೊರಗಿನಿಂದ ಕೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಡೆಯುತ್ತದೆ. ಹಿಡಿದುಕೊಳ್ಳಲು ಆಗದಷ್ಟು ಬಿಸಿಯಿದ್ದರೆ ಲೋಡ್ ತೆಗೆದು, ಬ್ರೇಕರ್ ಆಫ್ ಮಾಡಿ.

ಜೋಡಿಸುವ ಕ್ರಮ

1. ಬೋಟಿನ ಮೇನ್ ಬ್ರೇಕರ್ ಆಫ್. ವಾಟರ್ ಹೀಟರ್, ಎಸಿ, ಚಾರ್ಜರ್ ಬ್ರೇಕರುಗಳೂ ಆಫ್. ಜನರೇಟರ್ ಓಡುತ್ತಿದ್ದರೆ ನಿಲ್ಲಿಸಿ, ಸೆಲೆಕ್ಟರ್ ಸ್ವಿಚ್ಚನ್ನು ಶೋರ್ (ದಡ) ಕಡೆಗೆ ತಿರುಗಿಸಿ.

2. ಪೆಡೆಸ್ಟಲಿನ ಬ್ರೇಕರ್ ಆಫ್. ಅದರ ಸಾಕೆಟ್ಟಿನ ಮುಖವನ್ನೂ ನೋಡಿ. ಹಿಂದೆ ಬಳಸಿದವರು ಅದನ್ನು ಸುಟ್ಟಿಟ್ಟು ಹೋಗಿರಬಹುದು. ಹಾಗಿದ್ದರೆ ಬೇರೆ ಸಾಕೆಟ್ ಕೇಳಿ.

3. ಕೇಬಲನ್ನು ಮೊದಲು ಬೋಟಿನ ಇನ್‌ಲೆಟ್ಟಿಗೆ ಹಾಕಿ. ತಿರುಗಿಸುವ ಬಗೆಯದಾದರೆ ಪೂರ್ತಿ ಒತ್ತಿ ಬಲಕ್ಕೆ ತಿರುಗಿಸಿ, ಮೇಲಿನ ಉಂಗುರವನ್ನೂ ಬಿಗಿ ಮಾಡಿ. ನೀರು ತಡೆಯುವುದಕ್ಕಷ್ಟೇ ಅಲ್ಲ, ಕೇಬಲಿನ ಭಾರ ಪಿನ್ನಿನ ಮೇಲೆ ಬೀಳದಂತೆ ಹಿಡಿಯುವುದೂ ಅದೇ ಉಂಗುರ. ತಿರುಗಿಸದೆ ಬಿಟ್ಟರೆ ಪ್ಲಗ್ ಅರ್ಧ ಸಂಪರ್ಕದಲ್ಲಿ ನಿಂತು ಸುಡುತ್ತದೆ.

4. ಕೇಬಲನ್ನು ಡೆಕ್ಕಿನ ಕಂಬಿಗೋ ಹಗ್ಗ ಕಟ್ಟುವ ಕ್ಲೀಟಿಗೋ ಒಂದು ಸುತ್ತು ಕಟ್ಟಿ. ಪ್ಲಗ್ಗಿನ ಕೆಳಗೆ ಕೇಬಲ್ ಒಮ್ಮೆ ಇಳಿದು ಏರುವಂತೆ ಬಿಡಿ, ಹರಿದು ಬಂದ ಮಳೆನೀರು ಪ್ಲಗ್ಗಿಗೆ ಹೋಗದೆ ಆ ಬಾಗಿನಲ್ಲೇ ತೊಟ್ಟಿಕ್ಕಲಿ. ಜೆಟ್ಟಿ ತೇಲುವಂಥದ್ದಲ್ಲದಿದ್ದರೆ ಉಬ್ಬರ ಇಳಿತದಲ್ಲಿ ಬೋಟು ಏರಿಳಿಯುವಷ್ಟು ಸಡಿಲ ಬೇಕು. ಆದರೆ ಕೇಬಲ್ ನೀರಿಗೆ ತಾಗಬಾರದು, ಬೋಟಿಗೂ ಜೆಟ್ಟಿಗೂ ನಡುವೆ ಸಿಕ್ಕಿ ಜಜ್ಜಿಹೋಗಲೂಬಾರದು.

5. ಈಗ ಪೆಡೆಸ್ಟಲಿಗೆ ಪ್ಲಗ್ ಹಾಕಿ, ಲಾಕ್ ಮಾಡಿ, ಪೆಡೆಸ್ಟಲ್ ಬ್ರೇಕರ್ ಆನ್.

6. ಬೋಟಿನ ಪ್ಯಾನೆಲ್ಲಿನಲ್ಲಿ ವೋಲ್ಟೇಜ್ ಮತ್ತು ಪೊಲಾರಿಟಿ ದೀಪ (ಫೇಸ್, ನ್ಯೂಟ್ರಲ್ ಅದಲುಬದಲಾದರೆ ಹೊತ್ತುವ ದೀಪ) ನೋಡಿ. ಸರಿಯಿದ್ದರೆ ಮೇನ್ ಆನ್, ಕರೆಂಟು ಸೋರಿದರೆ ಬೀಳುವ ಅರ್ಥ್ ಲೀಕೇಜ್ ಬ್ರೇಕರಿನ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ಪರೀಕ್ಷಿಸಿ, ಮತ್ತೆ ಎತ್ತಿ. ಆಮೇಲೆ ಲೋಡುಗಳನ್ನು ಒಂದೊಂದಾಗಿ ಹಾಕಿ.

ಬೋಟಿನ ತುದಿ ಮೊದಲು ಎನ್ನುವುದು ಶಾಸ್ತ್ರಕ್ಕಲ್ಲ. ದಡದ ತುದಿ ಮೊದಲು ಹಾಕಿದರೆ ಕೈಯಲ್ಲಿರುವ ಇನ್ನೊಂದು ತುದಿ ಜೀವಂತವಾಗಿರುತ್ತದೆ, ಅದನ್ನು ಹಿಡಿದುಕೊಂಡೇ ಬೋಟು ಹತ್ತಬೇಕು. ಜಾರಿದರೆ ಮೊದಲು ನೀರಿಗೆ ಬೀಳುವುದು ಅದೇ. ಬ್ರೇಕರ್ ಆಫ್ ಇರುವಾಗ ಇದೇಕೆ ಎನ್ನಬಹುದು. ಯಾರೋ ಪುಣ್ಯಾತ್ಮರು ತಮ್ಮದೆಂದುಕೊಂಡು ನಿಮ್ಮ ಬ್ರೇಕರನ್ನು ಎತ್ತುವುದು ಜೆಟ್ಟಿಯ ಮೇಲೆ ಅಪರೂಪವೇನಲ್ಲ.

ಪೊಲಾರಿಟಿ ದೀಪವನ್ನು ಎಷ್ಟು ನಂಬಬೇಕು

ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೂ ದೀಪ, ಹೀಟರ್ ಎಲ್ಲ ಎಂದಿನಂತೆ ಕೆಲಸ ಮಾಡುತ್ತವೆ. ಆದರೆ ಒಂದೇ ವೈರನ್ನು ಕತ್ತರಿಸುವ ಬ್ರೇಕರ್ ಇರುವ ಬೋಟಿನಲ್ಲಿ ಆಫ್ ಮಾಡಿದಾಗ ಕತ್ತರಿಸಿಹೋಗುವುದು ನ್ಯೂಟ್ರಲ್. ಉಪಕರಣದೊಳಗೆ ಫೇಸ್ ಹಾಗೇ ಕೂತಿರುತ್ತದೆ. ಎರಡೂ ವೈರನ್ನು ಕತ್ತರಿಸುವ ಬ್ರೇಕರಾದರೆ ಅಪಾಯ ಕಡಿಮೆ.

ಈ ದೀಪವನ್ನು ಸಾಮಾನ್ಯವಾಗಿ ನ್ಯೂಟ್ರಲ್ಲಿಗೂ ಅರ್ಥ್ ವೈರಿಗೂ ನಡುವೆ ಕೊಟ್ಟಿರುತ್ತಾರೆ. ಅಂದರೆ ದಡದ ಅರ್ಥ್ ವೈರೇ ಕಿತ್ತಿದ್ದರೆ ಪೊಲಾರಿಟಿ ತಲೆಕೆಳಗಾಗಿದ್ದರೂ ಅದು ಹೊತ್ತದೇ ಇರಬಹುದು. ಹೊಸ ಮರೀನಾಕ್ಕೆ ಹೋದಾಗ ಮಲ್ಟಿಮೀಟರಿನಿಂದ ಮೂರು ಅಳತೆ ತೆಗೆಯುವುದು ಒಳ್ಳೆಯದು: ಫೇಸ್–ನ್ಯೂಟ್ರಲ್ ಪೂರ್ತಿ ವೋಲ್ಟೇಜ್, ಫೇಸ್–ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್. ಎರಡನೆಯದು ಅರ್ಧಂಬರ್ಧ ತೋರಿಸಿದರೆ ಅರ್ಥ್ ಇಲ್ಲ ಎಂದು ತಿಳಿಯಿರಿ. ಅಂಥ ಸಾಕೆಟ್ ಬೇಡ.

ಲೋಡಿನ ಲೆಕ್ಕ

230 ವೋಲ್ಟ್, 16 ಆಂಪ್ ಸಾಕೆಟ್ಟಿನಲ್ಲಿ 2,000 ವ್ಯಾಟ್ ಕೆಟಲ್ 8.7 ಆಂಪ್, 1,200 ವ್ಯಾಟ್ ವಾಟರ್ ಹೀಟರ್ 5.2, ಬ್ಯಾಟರಿ ಖಾಲಿಯಿರುವಾಗ 12 ವೋಲ್ಟ್‌ನ 30 ಆಂಪ್ ಚಾರ್ಜರ್ ಸುಮಾರು 2.2. ಕೂಡಿದರೆ 16.1. ಇದರ ಮೇಲೆ ಎಸಿ ಹಾಕಿದರೆ ಕಂಪ್ರೆಸರ್ ಏಳುವ ಹೊಡೆತಕ್ಕೇ ಪೆಡೆಸ್ಟಲ್ ಬೀಳಬಹುದು. ಗಂಟೆಗಟ್ಟಲೆ ಓಡುವ ಲೋಡನ್ನು ಬ್ರೇಕರ್ ಮೇಲೆ ಬರೆದ ಆಂಪಿನ 80 ಶೇಕಡಕ್ಕೆ ನಿಲ್ಲಿಸಿ: 16ಕ್ಕೆ 13 ಆಂಪ್ ಒಳಗೆ, 30ಕ್ಕೆ 24. ನೀರು ಕಾಯುವಾಗ ಕೆಟಲ್ ಇಡದಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಕೆಲವು ಇನ್ವರ್ಟರ್-ಚಾರ್ಜರುಗಳಲ್ಲಿ ದಡದಿಂದ ಎಳೆಯುವ ಆಂಪಿಗೆ ಮಿತಿ ಹಾಕಬಹುದು. ಅಂಥದ್ದಿದ್ದರೆ ಪ್ರತಿ ಮರೀನಾದಲ್ಲೂ ಅಲ್ಲಿನ ಸಾಕೆಟ್ಟಿಗೆ ತಕ್ಕಂತೆ ಬದಲಿಸಿ.

ಅರ್ಥ್ ಲೀಕೇಜ್ ಬ್ರೇಕರ್ ಬೀಳುತ್ತಿದ್ದರೆ

30 ಮಿಲಿಆಂಪ್‌ನ ಈ ಬ್ರೇಕರ್ ಅಳೆಯುವುದು ಲೋಡನ್ನಲ್ಲ, ಹೋದ ಕರೆಂಟು ಮರಳಿ ಬರದೆ ಎಲ್ಲೋ ಸೋರುತ್ತಿರುವುದನ್ನು. ಎಲ್ಲ ಸರ್ಕ್ಯೂಟ್ ಆಫ್ ಮಾಡಿ, ಒಂದೊಂದಾಗಿ ಎತ್ತಿ. ವಾಟರ್ ಹೀಟರಿಗೆ ಬಿದ್ದರೆ ಎಲಿಮೆಂಟಿನೊಳಗೆ ತೇವ ಸೇರಿದೆ. ಮೊದಲ ಅನುಮಾನ ಯಾವಾಗಲೂ ಅದರ ಮೇಲೇ ಇರಲಿ. ಯಾವ ಲೋಡ್ ಹಾಕಿದರೂ ಬೀಳುತ್ತಿದ್ದರೆ ಬೋಟಿನೊಳಗೆ ಎಲ್ಲೋ ನ್ಯೂಟ್ರಲ್ಲೂ ಅರ್ಥೂ ಸೇರಿಕೊಂಡಿವೆ. ಜನರೇಟರ್ ಓಡುವಾಗ ಅವು ಬೋಟಿನಲ್ಲೇ ಸೇರಿರಬೇಕು, ದಡದ ಕರೆಂಟಿನಲ್ಲಿರುವಾಗ ಸೇರಿರಬಾರದು.

ಮಿಲಿಆಂಪ್ ತೋರಿಸುವ ಕ್ಲ್ಯಾಂಪ್ ಮೀಟರ್ ಇದ್ದರೆ ಕೇಬಲನ್ನು ಬಿಚ್ಚದೆಯೇ ಇಡೀ ಕೇಬಲಿನ ಸುತ್ತ ಹಾಕಿ. ಹೋಗುವ, ಬರುವ ಕರೆಂಟು ಒಂದನ್ನೊಂದು ಕಳೆಯುವುದರಿಂದ ಸೊನ್ನೆಯ ಹತ್ತಿರ ತೋರಿಸಬೇಕು. ಹತ್ತಾರು ಮಿಲಿಆಂಪ್ ಕಂಡರೆ ಅಷ್ಟು ಕರೆಂಟು ನೀರಿನ ಮೂಲಕ ದಡಕ್ಕೆ ಹೋಗುತ್ತಿದೆ.

ಇದು ಸಣ್ಣ ಮಾತಲ್ಲ. ಸಿಹಿನೀರಿಗಿಂತ ಮನುಷ್ಯನ ದೇಹ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಹತ್ತಿಪ್ಪತ್ತು ಮಿಲಿಆಂಪ್ ದೇಹದಲ್ಲಿ ಹರಿದರೆ ಈಜುವವರ ಸ್ನಾಯು ಬಿಗಿದು ಮುಳುಗಿಹೋಗುತ್ತಾರೆ. ಕರೆಂಟಿರುವ ಜೆಟ್ಟಿಯ ಬಳಿ ನೀರಿಗೆ ಇಳಿಯಬಾರದು, ಬೋಟಿನ ತಳ ಉಜ್ಜುವುದಕ್ಕೂ ಬೇಡ. ಯಾರಾದರೂ ಒದ್ದಾಡುತ್ತಿದ್ದರೆ ಹಾರಬೇಡಿ: ಪೆಡೆಸ್ಟಲ್ ಆಫ್ ಮಾಡಿ, ಹಗ್ಗ ಅಥವಾ ಲೈಫ್‌ಬಾಯ್ (ಹಿಡಿದು ತೇಲುವ ಬಳೆ) ಎಸೆಯಿರಿ.

ಅರ್ಥ್ ವೈರು ಮತ್ತು ಕರಗುವ ಸತು

ದಡದ ಕರೆಂಟಿನಲ್ಲಿರುವ ಬೋಟುಗಳೆಲ್ಲ ಅರ್ಥ್ ವೈರಿನ ಮೂಲಕ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸುತ್ತಲಿನ ಉಪ್ಪುನೀರು ಸೇರಿದರೆ ದೊಡ್ಡ ಬ್ಯಾಟರಿಯೇ ಆಯಿತು. ನಿಮ್ಮ ಬೋಟಿನ ಲೋಹವನ್ನು ಉಳಿಸಲು ತಾನು ಸವೆಯಲೆಂದು ಹಾಕಿದ ಸತುವಿನ ಆನೋಡ್ ಪಕ್ಕದ ಬೋಟಿನ ಕಂಚಿನ ಪ್ರೊಪೆಲ್ಲರನ್ನು ಕಾಯುತ್ತಾ ತಾನು ಬೇಗ ಸವೆದುಹೋಗುತ್ತದೆ. ಅದಕ್ಕೆ ಅರ್ಥ್ ವೈರು ಕತ್ತರಿಸಿದರೆ ಆಯಿತು ಎನ್ನುವ ಸಲಹೆ ಇನ್ನೂ ಕೇಳಿಬರುತ್ತದೆ. ಕತ್ತರಿಸಲೇಬೇಡಿ: ಫಾಲ್ಟ್ ಆದ ದಿನ ಕರೆಂಟು ಮರಳಲು ನೀರು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಇನ್‌ಲೆಟ್ ದಾಟಿದ ಕೂಡಲೇ ಅರ್ಥ್ ವೈರಿನಲ್ಲಿ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿ. ಅದರೊಳಗಿನ ಡಯೋಡುಗಳು ಸುಮಾರು 1.2 ವೋಲ್ಟ್‌ವರೆಗಿನ ಸಣ್ಣ ಡಿಸಿಯನ್ನು ತಡೆದು, ಫಾಲ್ಟ್ ಕರೆಂಟನ್ನು ಬಿಡುತ್ತವೆ. ಕೆಟ್ಟರೂ ಅರ್ಥ್ ತುಂಡಾಗದ ಫೇಲ್-ಸೇಫ್ ಬಗೆಯದನ್ನೇ ಆರಿಸಿ. ಲೋಹದ ಒಡಲಿನ ಬೋಟಾದರೆ ದಡದ ವೈರಿಗೂ ಬೋಟಿನ ವೈರಿಗೂ ನೇರ ಸಂಪರ್ಕ ಇಲ್ಲದಂತೆ ಮಾಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಉತ್ತಮ, ಭಾರವೂ ಬೆಲೆಯೂ ಹೆಚ್ಚು ಅಷ್ಟೇ.

ಬಿಚ್ಚುವಾಗ

ಲೋಡುಗಳು, ಬೋಟಿನ ಮೇನ್, ಪೆಡೆಸ್ಟಲ್ ಬ್ರೇಕರ್, ಈ ಕ್ರಮದಲ್ಲಿ ಆಫ್. ಲೋಡ್ ಇರುವಾಗಲೇ ಪ್ಲಗ್ ಎಳೆದರೆ ಕಿಡಿ ಹಾರಿ ಪಿನ್ನಿನ ಮೇಲೆ ಗುಳಿ ಬೀಳುತ್ತದೆ, ಮುಂದಿನ ಬಿಸಿ ಶುರುವಾಗುವುದು ಆ ಗುಳಿಯಿಂದಲೇ. ದಡದ ತುದಿ ಮೊದಲು ಬಿಚ್ಚಿ, ಬೋಟಿನದು ಆಮೇಲೆ. ಇನ್‌ಲೆಟ್ಟಿನ ಮುಚ್ಚಳ ಹಾಕಿ. ಕೇಬಲನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಪ್ಲಗ್ಗಿನ ಮುಖ ಒಣಗಿದ ಮೇಲೆ ಕೆಳಮುಖವಾಗಿ ತೂಗುಹಾಕಿ.